ಹೊಸ್ತಿಲು ಮತ್ತು ಠಾಣೆ: ಗೃಹಹಿಂಸೆಯ ವಿಷಯದಲ್ಲಿ ಪೋಲೀಸರ ಅಧಿಕಾರವು ಬೆಳೆದುಬಂದ ಬಗೆ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸಂಸಾರದ ಸಣ್ಣಪುಟ್ಟ ಮನಸ್ತಾಪಗಳನ್ನು ಕುರಿತು ಹುಟ್ಟಿದ ಈ ಮಾತು, ಅದರ ಅರ್ಥವ್ಯಾಪ್ತಿಗೆ ಮೀರಿದ ಸಂದರ್ಭಗಳಲ್ಲಿಯೂ ಬಳಕೆಯಾಗುತ್ತ ಬಂದಿದೆ. ಪೆಟ್ಟು ತಿಂದು ಠಾಣೆಯ ಮೆಟ್ಟಿಲೇರಿದ ಹೆಂಗಸನ್ನು ಸಮಾಧಾನದ ಮಾತು ಹೇಳಿ ಹಿಂದಕ್ಕೆ ಕಳುಹಿಸುವಾಗ ಆಡುವ ಮಾತೂ ಇದೇ. ಈ ನಡವಳಿಕೆಗೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುತ್ತಾರೆ: ಒಂದು, ಪೋಲೀಸರ ಮನೋಧರ್ಮ, ಇನ್ನೊಂದು, ಅವರು ಹುಟ್ಟಿ ಬೆಳೆದ ಸಮಾಜದ ರೂಢಿ. ಇವೆರಡೂ ಸುಳ್ಳಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗಳಾದ ನಾವು ಇಷ್ಟಕ್ಕೆ ತೃಪ್ತರಾಗಬಾರದು. ಮನೋಧರ್ಮಕ್ಕೂ ರೂಢಿಗೂ ಆಸರೆಯಾಗಿ ನಿಂತ ಮೂರನೆಯದೊಂದು ಕಾರಣವಿದೆ. ಅದು ದಂಡಸಂಹಿತೆಯ ಕಲಮುಗಳಲ್ಲಿ ಕಾಣುವುದಿಲ್ಲ. ಕಾರ್ಯವಿಧಾನ ಸಂಹಿತೆಯ ಕೊನೆಯಲ್ಲಿರುವ ಅನುಸೂಚಿಯ ಅಂಕಣಗಳಲ್ಲಿ ಅಡಗಿದೆ. ಯಾವ ಅಪರಾಧಕ್ಕೆ ಪೋಲೀಸರು ತಾವಾಗಿಯೇ ತನಿಖೆ ನಡೆಸಬಹುದು, ಯಾವುದಕ್ಕೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು ಎಂಬ ವಿಂಗಡಣೆಯೇ ಆ ಕಾರಣ. ಒಂದೂವರೆ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಈ ವಿಂಗಡಣೆ ಹೇಗೆ ಬದಲಾಯಿತು, ಅದರಿಂದ ಮನೆಯ ಹೊಸ್ತಿಲಿಗೂ ಠಾಣೆಗೂ ಇದ್ದ ಅಂತರ ಎಷ್ಟು ತಗ್ಗಿತು, ಎಷ್ಟು ಉಳಿಯಿತು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಸಂಹಿತೆಯ ಮಾತು, ಅನುಸೂಚಿಯ ಮೌನ

ಮೆಕಾಲೆಯ ನೇತೃತ್ವದಲ್ಲಿ ೧೮೩೭ರ ಹೊತ್ತಿಗೆ ಕರಡಾಗಿ ಸಿದ್ಧವಾದ ಭಾರತೀಯ ದಂಡಸಂಹಿತೆ ೧೮೬೦ರಲ್ಲಿ ಅಂಗೀಕೃತವಾಗಿ ೧೮೬೨ರ ಜನವರಿ ೧ರಿಂದ ಜಾರಿಗೆ ಬಂದಿತು. ಇದರಲ್ಲಿ ಗಂಡನಿಗೆ ಹೆಂಡತಿಯನ್ನು ಹೊಡೆಯುವ ಅಧಿಕಾರವನ್ನು ಎಲ್ಲಿಯೂ ಕೊಟ್ಟಿಲ್ಲವೆಂಬುದು ಗಮನಾರ್ಹ. ಇಂಗ್ಲೆಂಡಿನ ನ್ಯಾಯಪಂಡಿತ ಬ್ಲಾಕ್‌ಸ್ಟನ್ನನು ಹದಿನೆಂಟನೆಯ ಶತಮಾನದಲ್ಲಿ, ಹಿಂದಿನ ಕಾಲದ ಕಾನೂನು ಗಂಡನಿಗೆ 'ಮಿತವಾದ ಶಿಕ್ಷೆ'ಯ ಅವಕಾಶ ನೀಡಿತ್ತೆಂದು ಬರೆದಿದ್ದನು. ಭಾರತದ ಸಂಹಿತೆಯ ಸಾಮಾನ್ಯ ವಿನಾಯಿತಿಗಳಲ್ಲಿ ಅಂತಹ ಅವಕಾಶವಿಲ್ಲ. ಆದುದರಿಂದ ಬೀದಿಯಲ್ಲಿ ಅಪರಿಚಿತನನ್ನು ಹೊಡೆದರೂ ಮನೆಯೊಳಗೆ ಹೆಂಡತಿಯನ್ನು ಹೊಡೆದರೂ ೩೨೩ನೆಯ ಕಲಮಿನ ದೃಷ್ಟಿಯಲ್ಲಿ ಅಪರಾಧ ಒಂದೇ: ಸ್ವಇಚ್ಛೆಯಿಂದ ಗಾಯಪಡಿಸಿದ್ದು, ಶಿಕ್ಷೆ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೆ ಒಂದು ಸಾವಿರ ರೂಪಾಯಿಗಳವರೆಗಿನ ಜುಲ್ಮಾನೆ, ಇಲ್ಲವೆ ಎರಡೂ.

ಹಾಗಾದರೆ ತೊಡಕು ಎಲ್ಲಿ? ೩೨೩ನೆಯ ಕಲಮಿನ ಅಪರಾಧವನ್ನು ಕಾರ್ಯವಿಧಾನ ಸಂಹಿತೆ 'ಅಸಂಜ್ಞೇಯ' ಎಂಬ ವರ್ಗಕ್ಕೆ ಸೇರಿಸಿದೆ. ಸಂಜ್ಞೇಯ ಅಪರಾಧದಲ್ಲಿ ಪೋಲೀಸ್ ಅಧಿಕಾರಿ ವಾರಂಟಿಲ್ಲದೆ ದಸ್ತಗಿರಿ ಮಾಡಬಲ್ಲನು, ಯಾರ ಅಪ್ಪಣೆಗೂ ಕಾಯದೆ ತನಿಖೆ ನಡೆಸಬಲ್ಲನು. ಅಸಂಜ್ಞೇಯ ಅಪರಾಧದಲ್ಲಾದರೋ, ೧೯೭೩ರ ಸಂಹಿತೆಯ ೧೫೫ನೆಯ ಕಲಮು ಸ್ಪಷ್ಟಪಡಿಸಿದಂತೆ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆಯೇ ಕೂಡದು. ಠಾಣೆಯ ಅಧಿಕಾರಿ ಮಾಡಬಹುದಾದುದು ಇಷ್ಟೆ: ಫಿರ್ಯಾದಿನ ಸಾರಾಂಶವನ್ನು ಪುಸ್ತಕದಲ್ಲಿ ಬರೆದುಕೊಂಡು, ನ್ಯಾಯಾಲಯಕ್ಕೆ ಹೋಗಿರೆಂದು ಹೇಳುವುದು. ನಮ್ಮ ಠಾಣೆಗಳಲ್ಲಿ 'ಎನ್.ಸಿ.ಆರ್.' ಎಂದು ಕರೆಯುವ ದಾಖಲೆ ಇದೇ.

ಈ ವಿಂಗಡಣೆಗೆ ತರ್ಕವಿಲ್ಲದೆ ಇಲ್ಲ. ಸಣ್ಣ ಹೊಡೆದಾಟಗಳಿಗೆಲ್ಲ ಪೋಲೀಸರು ಕೈಹಾಕಿದರೆ ಪ್ರಜೆಗಳಿಗೆ ಕಿರುಕುಳವಾದೀತೆಂಬುದು ಅದರ ಆಧಾರ. ಸಂತೆಯಲ್ಲಿ ಕೈಕೈ ಮಿಲಾಯಿಸಿದ ಇಬ್ಬರು ಗಂಡಸರ ವಿಷಯದಲ್ಲಿ ಇದು ಒಪ್ಪತಕ್ಕದ್ದೇ. ಹೊಡೆದವನೂ ಹೊಡೆಸಿಕೊಂಡವನೂ ಆ ರಾತ್ರಿ ತಂತಮ್ಮ ಮನೆಗಳಿಗೆ ಹೋಗುತ್ತಾರೆ. ಹೆಂಡತಿಯ ಸ್ಥಿತಿ ಹಾಗಲ್ಲ. ಅವಳು ಹಿಂದಿರುಗಬೇಕಾದುದು ಹೊಡೆದವನ ಮನೆಗೇ. ಎಲುಬು ಮುರಿಯದ, ಆಯುಧ ಬಳಸದ ಪೆಟ್ಟು ಒಂದೊಂದಾಗಿ ನೋಡಿದರೆ ಕಾನೂನಿನ ದೃಷ್ಟಿಯಲ್ಲಿ ಅಲ್ಪ. ವಾರವಾರವೂ ವರ್ಷಗಟ್ಟಲೆಯೂ ಬೀಳುವಾಗ ಅದು ಅಲ್ಪವಲ್ಲ. ಒಂದೊಂದು ಕೃತ್ಯವನ್ನು ಬಿಡಿಬಿಡಿಯಾಗಿ ತೂಗುವ ಸಂಹಿತೆಗೆ, ಕೃತ್ಯಗಳ ಸರಣಿಯಾಗಿ ಬರುವ ಹಿಂಸೆಯನ್ನು ಗುರುತಿಸುವ ಸಾಧನವಿರಲಿಲ್ಲ. ಗಾದೆ ಪೋಲೀಸನ ಬಾಯಲ್ಲಿತ್ತು, ನಿಜ. ಆದರೆ ಆ ಮಾತಿಗೆ ಬಲ ಕೊಟ್ಟದ್ದು ಅನುಸೂಚಿ.

ಇಂಗ್ಲೆಂಡು ಅದೇ ಶತಮಾನದಲ್ಲಿ ಈ ಕೊರತೆಯನ್ನು ಅಷ್ಟಿಷ್ಟು ಗುರುತಿಸಿತ್ತು. ಹೆಂಗಸರ ಮತ್ತು ಮಕ್ಕಳ ಮೇಲಣ ತೀವ್ರ ಹಲ್ಲೆಗೆ ಆರು ತಿಂಗಳ ಶಿಕ್ಷೆ ವಿಧಿಸುವ ಅಧಿಕಾರವನ್ನು ೧೮೫೩ರ ಶಾಸನ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಫ್ರಾನ್ಸಿಸ್ ಪವರ್ ಕಾಬ್ ಎಂಬ ಲೇಖಕಿ ೧೮೭೮ರಲ್ಲಿ ಪ್ರಕಟಿಸಿದ ಪ್ರಬಂಧ, ಶಿಕ್ಷೆಯೊಂದೇ ಸಾಲದು, ಹೆಂಡತಿಗೆ ಬೇರೆಯಾಗಿ ಬಾಳುವ ದಾರಿ ಬೇಕೆಂದು ವಾದಿಸಿತು. ಅದೇ ವರ್ಷದ ವಿವಾಹ ಮೊಕದ್ದಮೆಗಳ ಶಾಸನವು, ತೀವ್ರ ಹಲ್ಲೆಗಾಗಿ ಶಿಕ್ಷೆ ಹೊಂದಿದ ಗಂಡನಿಂದ ಹೆಂಡತಿಗೆ ಪ್ರತ್ಯೇಕ ವಾಸದ ಆಜ್ಞೆ ನೀಡುವ ಅಧಿಕಾರವನ್ನು ಕೆಳಗಿನ ನ್ಯಾಯಾಲಯಗಳಿಗೆ ದೊರಕಿಸಿತು. ಶಿಕ್ಷೆ ಮತ್ತು ರಕ್ಷೆ ಬೇರೆಬೇರೆ ಎಂಬ ಈ ತಿಳಿವಳಿಕೆ ಭಾರತದ ಶಾಸನದಲ್ಲಿ ಸ್ಪಷ್ಟರೂಪ ತಾಳಲು ೨೦೦೫ರವರೆಗೆ ಕಾಯಬೇಕಾಯಿತು.

೨. ೧೮೯೧ರ ಶಾಸನ: ಪೋಲೀಸರ ಭಯ

ಮನೆಯೊಳಕ್ಕೆ ಪೋಲೀಸರು ಕಾಲಿಡುವ ಪ್ರಶ್ನೆ ಭಾರತದಲ್ಲಿ ಬಹಿರಂಗ ಚರ್ಚೆಗೆ ಬಂದದ್ದು ಸಮ್ಮತಿವಯಸ್ಸಿನ ಶಾಸನದ ಕಾಲದಲ್ಲಿ. ೧೮೯೦ರಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯೊಂದು ದೇಶವನ್ನೇ ಕಲಕಿತು. ಫೂಲ್‌ಮಣಿ ಎಂಬ, ಹನ್ನೊಂದರ ಆಸುಪಾಸಿನ ಬಾಲವಧು, ಅವಳಿಗಿಂತ ಬಹಳ ಹಿರಿಯನಾದ ಗಂಡನ ಸಂಭೋಗದಿಂದ ಗಾಯಗೊಂಡು ಮೃತಳಾಗಿದ್ದಳು. ಹತ್ತು ವರ್ಷ ಮೀರಿದ ಹೆಂಡತಿಯ ವಿಷಯದಲ್ಲಿ ಬಲಾತ್ಕಾರದ ಆರೋಪಕ್ಕೆ ಅಂದಿನ ಕಾನೂನಿನಲ್ಲಿ ಎಡೆಯಿರಲಿಲ್ಲ. ಅಜಾಗರೂಕ ಕೃತ್ಯದಿಂದ ತೀವ್ರ ಗಾಯಪಡಿಸಿದನೆಂಬ ಅಪರಾಧಕ್ಕಾಗಿ ಗಂಡನಿಗೆ ಒಂದು ವರ್ಷದ ಕಠಿಣ ಶಿಕ್ಷೆಯಷ್ಟೇ ಆಯಿತು. ಮರುವರ್ಷ ಬಂದ ಶಾಸನ ಆ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು.

ಈ ಶಾಸನದ ಸುತ್ತ ನಡೆದ ಧರ್ಮಶಾಸ್ತ್ರದ ವಾದಗಳು ನಮ್ಮ ತರಗತಿಗಳಲ್ಲಿ ಪಾಠವಾಗುತ್ತವೆ. ತಿಲಕರ ವಿರೋಧ, ಮಲಬಾರಿಯವರ ಪ್ರಚಾರ ಇವುಗಳನ್ನು ವಿದ್ಯಾರ್ಥಿಗಳು ಬಲ್ಲರು. ಅಷ್ಟಾಗಿ ಪಾಠವಾಗದ ಇನ್ನೊಂದು ಅಂಶವನ್ನು ನಾವಿಲ್ಲಿ ಎತ್ತಿ ಹೇಳಬೇಕಾಗಿದೆ. ವಿರೋಧಿಗಳ ಭಯ ಕೇವಲ ಧರ್ಮಹಾನಿಯದಲ್ಲ. ತನಿಖೆಯ ನೆಪದಲ್ಲಿ ಪೋಲೀಸರು ಅಂತಃಪುರಕ್ಕೆ ನುಗ್ಗಿ, ಲಂಚಕ್ಕಾಗಿ ಮರ್ಯಾದಸ್ಥರನ್ನು ಪೀಡಿಸುವರೆಂಬುದೂ ಒಂದು ದೊಡ್ಡ ಭಯವಾಗಿತ್ತು. ಅಂದಿನ ಪೋಲೀಸರ ಕೀರ್ತಿಯನ್ನು ಬಲ್ಲವರು ಈ ಭಯವನ್ನು ಪೂರ್ತಿ ಅಲ್ಲಗಳೆಯಲಾರರು. ಸರ್ಕಾರ ಅದಕ್ಕೆ ಮಣಿಯಿತು. ೧೮೯೮ರ ಕಾರ್ಯವಿಧಾನ ಸಂಹಿತೆಯ ೫೬೧ನೆಯ ಕಲಮನ್ನು ನೋಡಿದರೆ ಇದು ವ್ಯಕ್ತವಾಗುತ್ತದೆ: ಗಂಡನ ಮೇಲೆ ಇಂತಹ ಆರೋಪ ಬಂದಾಗ ಜಿಲ್ಲಾ ಮ್ಯಾಜಿಸ್ಟ್ರೇಟರು ಅಥವಾ ಮುಖ್ಯ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರಲ್ಲದೆ ಬೇರಾರೂ ಅದನ್ನು ವಿಚಾರಣೆಗೆ ಎತ್ತಿಕೊಳ್ಳಕೂಡದು, ಪೋಲೀಸ್ ತನಿಖೆ ಬೇಕೆನಿಸಿದರೆ ಇನ್‌ಸ್ಪೆಕ್ಟರಿಗಿಂತ ಕೆಳಗಿನ ಅಧಿಕಾರಿಯನ್ನು ನೇಮಿಸಕೂಡದು. ಅದೇ ಅಪರಾಧವನ್ನು ಅನ್ಯನು ಮಾಡಿದರೆ ವಾರಂಟಿಲ್ಲದೆ ಹಿಡಿಯಬಹುದು. ಗಂಡನು ಮಾಡಿದರೆ ಹಾಗೆ ಹಿಡಿಯುವಂತಿಲ್ಲ. ಒಂದು ಕೈಯಿಂದ ಕೊಟ್ಟ ರಕ್ಷಣೆಯನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಪಡೆದಂತಾಯಿತು.

ಮೈಸೂರು ಸಂಸ್ಥಾನ ಈ ಸಂದರ್ಭದಲ್ಲಿ ತನ್ನದೇ ದಾರಿ ಹಿಡಿದುದು ಕನ್ನಡಿಗರು ನೆನೆಯತಕ್ಕ ವಿಷಯ. ೧೮೯೪ರ ಶಿಶುವಿವಾಹ ಪ್ರತಿಬಂಧಕ ನಿಬಂಧನೆ ಎಂಟು ವರ್ಷಕ್ಕೆ ಕೆಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ವರಿಸುವುದನ್ನೂ ನಿಷೇಧಿಸಿತು. ಬ್ರಿಟಿಷ್ ಭಾರತ ಸಂಭೋಗದ ವಯಸ್ಸನ್ನು ಮಾತ್ರ ಮುಟ್ಟಿ ಮದುವೆಯನ್ನು ಮುಟ್ಟದೆ ಬಿಟ್ಟಿದ್ದ ಕಾಲವದು. ಮದುವೆಯು ಬಹಿರಂಗವಾಗಿ ನಡೆಯುವ ಸಮಾರಂಭ. ಅದನ್ನು ತಡೆಯಲು ಮನೆಯ ಒಳಕೋಣೆಗೆ ಹೋಗಬೇಕಾಗಿಲ್ಲ. ಈ ವ್ಯತ್ಯಾಸದ ಮಹತ್ತ್ವವನ್ನು ಸಂಶೋಧಕರು ಇನ್ನೂ ವಿಚಾರಿಸಬಹುದಾಗಿದೆ.

೩. ವರದಕ್ಷಿಣೆಯ ಸಾವುಗಳು ಮತ್ತು ೧೯೮೩ರ ತಿರುವು

ಸ್ವಾತಂತ್ರ್ಯಾನಂತರದ ಮೊದಲ ದೊಡ್ಡ ಪ್ರಯತ್ನ ೧೯೬೧ರ ವರದಕ್ಷಿಣೆ ನಿಷೇಧ ಶಾಸನ. ಅದರ ಎಂಟನೆಯ ಕಲಮು ಮೂಲರೂಪದಲ್ಲಿ ಈ ಅಪರಾಧಗಳನ್ನು ಅಸಂಜ್ಞೇಯವೆಂದೂ ಜಾಮೀನಿಗೆ ಅರ್ಹವೆಂದೂ ಸಾರಿತ್ತು. ಹಳೆಯ ಬಾಗಿಲು ಹೊಸ ಮನೆಗೂ ಬಂದಂತಾಯಿತು. ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಆದರೆ ಪೋಲೀಸರು ತಾವಾಗಿ ತನಿಖೆ ಮಾಡಲಾರರು! ಶಾಸನ ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತೆಂಬುದರಲ್ಲಿ ಆಶ್ಚರ್ಯವಿಲ್ಲ. ೧೯೮೪ ಮತ್ತು ೧೯೮೬ರ ತಿದ್ದುಪಡಿಗಳು ಈ ಕಲಮನ್ನು ಬಿಗಿಗೊಳಿಸಿದವು.

೧೯೭೦ರ ದಶಕದ ಕೊನೆಗೆ ದಿಲ್ಲಿಯಲ್ಲಿಯೂ ಇತರ ನಗರಗಳಲ್ಲಿಯೂ ಹೊಸದಾಗಿ ಮದುವೆಯಾದ ಹೆಂಗಸರು ಬೆಂಕಿಯಲ್ಲಿ ಬೆಂದು ಸಾಯುತ್ತಿದ್ದ ಸಂಗತಿಯ ಕಡೆಗೆ ಮಹಿಳಾ ಸಂಘಟನೆಗಳು ಗಮನ ಸೆಳೆದವು. ಠಾಣೆಯ ದಾಖಲೆಗಳಲ್ಲಿ ಇವು 'ಸ್ಟೌ ಸಿಡಿದು ಸಾವು' ಎಂದೋ ಆತ್ಮಹತ್ಯೆಯೆಂದೋ ನಮೂದಾಗುತ್ತಿದ್ದವು. ಬೆಂಗಳೂರಿನ 'ವಿಮೋಚನಾ' ಸಂಸ್ಥೆ ಮುಂದೆ ೧೯೯೦ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಿಭಾಗಕ್ಕೆ ಬಂದ ಹೆಂಗಸರ ಪ್ರಕರಣಗಳ ಜಾಡು ಹಿಡಿದು, ಅಪಘಾತವೆಂದು ಮುಚ್ಚಿಹೋಗುತ್ತಿದ್ದ ಕಡತಗಳ ಬಗೆಗೆ ಪ್ರಶ್ನೆ ಎತ್ತಿತು. ಇಲ್ಲಿಯೂ ನಮ್ಮ ಮೂಲ ಪ್ರಶ್ನೆ ಎದುರಾಗುತ್ತದೆ: ಒಂದು ಸಾವು 'ಅಪಘಾತ' ಎಂಬ ಅಂಕಣದಲ್ಲಿ ಬಿದ್ದಮೇಲೆ ತನಿಖೆಯ ಹಾದಿಯೇ ಬೇರೆ. ಅಂಕಣವನ್ನು ಆರಿಸುವವನು ಮೊದಲು ಸ್ಥಳಕ್ಕೆ ಹೋದ ಪೋಲೀಸ್ ಅಧಿಕಾರಿ.

೧೯೮೩ರ ಎರಡನೆಯ ದಂಡಶಾಸನ ತಿದ್ದುಪಡಿಯ ಮಹತ್ತ್ವ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಆ ವರ್ಷದ ಡಿಸೆಂಬರ್ ೨೫ರಿಂದ ಜಾರಿಗೆ ಬಂದ ಈ ತಿದ್ದುಪಡಿ ಮೂರು ಸಂಹಿತೆಗಳನ್ನು ಒಂದೇ ಸಲ ಮುಟ್ಟಿತು. ದಂಡಸಂಹಿತೆಗೆ ೪೯೮-ಎ ಎಂಬ ಕಲಮು ಸೇರಿತು. ಗಂಡ ಅಥವಾ ಅವನ ಸಂಬಂಧಿಕರು ಹೆಂಡತಿಯನ್ನು ಕ್ರೌರ್ಯಕ್ಕೆ ಗುರಿಪಡಿಸಿದರೆ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಜುಲ್ಮಾನೆ ವಿಧಿಸಲಾಯಿತು. ಕಾರ್ಯವಿಧಾನ ಸಂಹಿತೆಯ ೧೭೪ನೆಯ ಕಲಮಿಗೆ, ಮದುವೆಯಾದ ಏಳು ವರ್ಷಗಳೊಳಗೆ ಹೆಂಗಸು ಆತ್ಮಹತ್ಯೆ ಮಾಡಿಕೊಂಡರೆ ಶವವನ್ನು ವೈದ್ಯಪರೀಕ್ಷೆಗೆ ಕಳುಹಿಸಬೇಕೆಂಬ ನಿಯಮ ಸೇರಿತು. ಸಾಕ್ಷ್ಯ ಶಾಸನದಲ್ಲಿ, ಅಂತಹ ಆತ್ಮಹತ್ಯೆಯ ಹಿಂದೆ ಕ್ರೌರ್ಯವಿದ್ದುದು ರುಜುವಾತಾದರೆ ಪ್ರಚೋದನೆ ಇತ್ತೆಂದು ನ್ಯಾಯಾಲಯ ಊಹಿಸಬಹುದೆಂಬ ವಿಧಿ ಬಂದಿತು. ೧೯೮೬ರಲ್ಲಿ ವರದಕ್ಷಿಣೆ ಸಾವು ೩೦೪-ಬಿ ಎಂಬ ಪ್ರತ್ಯೇಕ ಅಪರಾಧವಾಯಿತು.

೪೯೮-ಎ ಕಲಮಿನ ಎರಡು ಗುಣಗಳನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ಅದರ 'ಕ್ರೌರ್ಯ' ಎಂಬ ಪದದ ವ್ಯಾಪ್ತಿ. ಇದು ವರದಕ್ಷಿಣೆಗಷ್ಟೇ ಸಂಬಂಧಿಸಿದ ಕಲಮೆಂಬ ಭಾವನೆ ಜನರಲ್ಲಿ ಇದೆ, ಅದು ಸರಿಯಲ್ಲ. ಆಸ್ತಿಯ ಬೇಡಿಕೆಗಾಗಿ ಕೊಡುವ ಕಿರುಕುಳ ಅದರ ಎರಡನೆಯ ಭಾಗ ಮಾತ್ರ. ಹೆಂಗಸನ್ನು ಆತ್ಮಹತ್ಯೆಗೆ ದೂಡುವಂತಹ, ಅಥವಾ ಅವಳ ಜೀವಕ್ಕೆ, ಅಂಗಕ್ಕೆ, ದೇಹದ ಇಲ್ಲವೆ ಮನಸ್ಸಿನ ಆರೋಗ್ಯಕ್ಕೆ ತೀವ್ರ ಹಾನಿ ತರುವಂತಹ ಉದ್ದೇಶಪೂರ್ವಕ ನಡತೆಯೆಲ್ಲವೂ ಮೊದಲನೆಯ ಭಾಗದಲ್ಲಿ ಅಡಕವಾಗಿದೆ. ಬಿಡಿಬಿಡಿ ಪೆಟ್ಟುಗಳಿಗೆ ಬದಲಾಗಿ 'ನಡತೆ'ಯನ್ನು ತೂಗುವ ದೃಷ್ಟಿ ಇಲ್ಲಿ ಮೊದಲಬಾರಿಗೆ ಬಂದಿತು. ಎರಡನೆಯದು, ಇದು ಸಂಜ್ಞೇಯ ಮತ್ತು ಜಾಮೀನು ರಹಿತ. ಆದರೆ ಅನುಸೂಚಿ ಒಂದು ಷರತ್ತನ್ನೂ ಹಾಕಿತು: ನೊಂದ ಹೆಂಗಸಾಗಲಿ, ರಕ್ತ, ವಿವಾಹ ಅಥವಾ ದತ್ತಕದ ಮೂಲಕ ಅವಳಿಗೆ ಸಂಬಂಧಿಕರಾದವರಾಗಲಿ, ಅಂಥವರಿಲ್ಲದಿದ್ದರೆ ಸರ್ಕಾರ ಗೊತ್ತುಪಡಿಸಿದ ನೌಕರರಾಗಲಿ ಠಾಣೆಗೆ ತಿಳಿಸಿದರೆ ಮಾತ್ರ ಅದು ಸಂಜ್ಞೇಯ. ನೆರೆಮನೆಯವರ ಫಿರ್ಯಾದು ಸಾಲದು. ೧೮೯೧ರ ಭಯ ಪೂರ್ತಿ ಅಳಿದಿರಲಿಲ್ಲವೆಂಬುದಕ್ಕೆ ಇದೊಂದು ಕುರುಹು.

ಇದೇ ಕಾಲದಲ್ಲಿ ಠಾಣೆಯ ಸ್ವರೂಪವನ್ನೇ ಬದಲಿಸುವ ಯತ್ನಗಳೂ ನಡೆದವು. ಕೇರಳದ ಕೋಳಿಕ್ಕೋಡಿನಲ್ಲಿ ೧೯೭೩ರಲ್ಲಿಯೇ ಮಹಿಳಾ ಪೋಲೀಸ್ ಠಾಣೆ ಆರಂಭವಾಗಿತ್ತು. ಬ್ರೆಜಿಲ್ ದೇಶದ ಸಾವ್ ಪಾವ್ಲೊ ನಗರದಲ್ಲಿ ೧೯೮೫ರಲ್ಲಿಯೂ ತಮಿಳುನಾಡಿನಲ್ಲಿ ೧೯೯೨ರಲ್ಲಿಯೂ ಅಂತಹ ಠಾಣೆಗಳು ತೆರೆದವು. ಬೆಂಗಳೂರಿನಲ್ಲಿ ೧೯೯೦ರ ದಶಕದ ಕೊನೆಯ ವೇಳೆಗೆ ಪೋಲೀಸ್ ಕಮಿಷನರ ಕಚೇರಿಯ ಆವರಣದಲ್ಲಿ 'ವನಿತಾ ಸಹಾಯವಾಣಿ' ಎಂಬ ಸಲಹಾಕೇಂದ್ರ ಕೆಲಸಕ್ಕೆ ತೊಡಗಿತು. ಇವುಗಳಿಂದ ಹೆಂಗಸರಿಗೆ ಬಾಯಿಬಿಟ್ಟು ಹೇಳಲು ಒಂದು ಎಡೆ ದೊರೆಯಿತೆಂಬುದು ಲಾಭ. ಆದರೆ ಸಲಹೆಯೂ ರಾಜಿಯೂ ಒಂದೇ ಮೇಜಿನ ಮೇಲೆ ನಡೆಯುವಾಗ, ಹಿಂಸೆಯನ್ನು ನಿಲ್ಲಿಸುವುದು ಗುರಿಯೋ ಸಂಸಾರವನ್ನು ಉಳಿಸುವುದು ಗುರಿಯೋ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಇವೆರಡೂ ಸದಾ ಒಂದೇ ಆಗಿರುವುದಿಲ್ಲ.

೪. ೨೦೦೫ರ ಶಾಸನ: ಶಿಕ್ಷೆಯಿಂದ ರಕ್ಷೆಗೆ

೪೯೮-ಎ ಕಲಮಿಗೆ ಒಂದು ಮೂಲಭೂತ ಮಿತಿಯಿತ್ತು. ಅದು ಗಂಡನನ್ನು ಸೆರೆಗೆ ಕಳುಹಿಸಬಲ್ಲುದು. ಹೆಂಡತಿಗೆ ಆ ರಾತ್ರಿ ಮಲಗಲು ಸೂರು ಕೊಡಲಾರದು. ಗಂಡನ ಮನೆಯಿಂದ ಹೊರಬಿದ್ದವಳಿಗೆ ಜೀವನಾಂಶಕ್ಕೆ ಒಂದು ನ್ಯಾಯಾಲಯ, ಮಕ್ಕಳಿಗೆ ಇನ್ನೊಂದು, ಶಿಕ್ಷೆಗೆ ಮತ್ತೊಂದು. ಈ ಕೊರತೆಯನ್ನು ತುಂಬಲು ಬಂದದ್ದೇ ೨೦೦೫ರ ಗೃಹಹಿಂಸೆಯಿಂದ ಮಹಿಳೆಯರ ರಕ್ಷಣಾ ಶಾಸನ. ಅದು ಜಾರಿಯಾದದ್ದು ೨೦೦೬ರ ಅಕ್ಟೋಬರ್ ೨೬ರಂದು.

ಈ ಶಾಸನ ಗೃಹಹಿಂಸೆಯನ್ನು ದೈಹಿಕ, ಲೈಂಗಿಕ, ವಾಚಿಕ ಮತ್ತು ಭಾವನಾತ್ಮಕ, ಆರ್ಥಿಕ ಎಂದು ನಾಲ್ಕು ಬಗೆಯಾಗಿ ವಿವರಿಸಿತು. ಹೆಂಡತಿಗಷ್ಟೇ ಅಲ್ಲ, ಒಂದೇ ಮನೆಯಲ್ಲಿ ಬಾಳುವ ತಾಯಿ, ಸೋದರಿ, ವಿಧವೆ, ವಿವಾಹಸದೃಶ ಸಂಬಂಧದಲ್ಲಿರುವ ಹೆಂಗಸು ಇವರಿಗೂ ಅನ್ವಯವಾಯಿತು. ಮನೆಯ ಒಡೆತನ ಯಾರದೇ ಆಗಿರಲಿ, ಅಲ್ಲಿ ವಾಸಿಸುವ ಹಕ್ಕು ಅವಳಿಗುಂಟೆಂದು ೧೭ನೆಯ ಕಲಮು ಸಾರಿತು. ಅತ್ತೆಮಾವಂದಿರ ಹೆಸರಿನ ಮನೆಯಲ್ಲಿ ಸೊಸೆಗೆ ಈ ಹಕ್ಕಿಲ್ಲವೆಂಬ ಹಿಂದಿನ ತೀರ್ಪಿನ ನಿಲುವನ್ನು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ತಿದ್ದಿತು. ಮ್ಯಾಜಿಸ್ಟ್ರೇಟರು ರಕ್ಷಣೆ, ವಾಸ, ಹಣಕಾಸು, ಮಕ್ಕಳ ಪಾಲನೆ, ಪರಿಹಾರ ಈ ಐದು ಬಗೆಯ ಆಜ್ಞೆಗಳನ್ನು ಒಂದೇ ಅರ್ಜಿಯ ಮೇಲೆ ನೀಡಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ಇತ್ಯರ್ಥ ಅರುವತ್ತು ದಿನಗಳೊಳಗೆ ಆಗಬೇಕೆಂಬುದು ಶಾಸನದ ಆಶಯ.

ಈ ವ್ಯವಸ್ಥೆಯಲ್ಲಿ ಪೋಲೀಸರ ಪಾತ್ರವೇನು? ಮೂರು ಹಂತಗಳಲ್ಲಿ ಅದು ಬರುತ್ತದೆ. ಮೊದಲನೆಯದಾಗಿ, ಐದನೆಯ ಕಲಮಿನ ಪ್ರಕಾರ, ದೂರು ಬಂದೊಡನೆ ಅಧಿಕಾರಿ ಆ ಹೆಂಗಸಿಗೆ ಅವಳ ಹಕ್ಕುಗಳನ್ನು ತಿಳಿಸಬೇಕು: ರಕ್ಷಣಾ ಆಜ್ಞೆಗೆ ಅರ್ಜಿ ಹಾಕುವ ಹಕ್ಕು, ರಕ್ಷಣಾಧಿಕಾರಿ ಮತ್ತು ಸೇವಾಸಂಸ್ಥೆಗಳ ನೆರವು, ಉಚಿತ ಕಾನೂನು ನೆರವು, ಬೇಕಾದರೆ ದಂಡಸಂಹಿತೆಯ ಮೇರೆಗೆ ಫಿರ್ಯಾದು ಕೊಡುವ ಹಕ್ಕು. ಸಂಜ್ಞೇಯ ಅಪರಾಧ ನಡೆದಿದ್ದರೆ ಅದನ್ನು ದಾಖಲಿಸುವ ಕರ್ತವ್ಯದಿಂದ ಈ ಶಾಸನ ಅವನನ್ನು ಬಿಡುಗಡೆ ಮಾಡುವುದಿಲ್ಲ. ಎರಡನೆಯದಾಗಿ, ಮ್ಯಾಜಿಸ್ಟ್ರೇಟರ ಆಜ್ಞೆಯನ್ನು ಜಾರಿಗೊಳಿಸಲು, ಅವಳಿಗೆ ರಕ್ಷಣೆ ನೀಡಲು ಸಮೀಪದ ಠಾಣೆಗೆ ನಿರ್ದೇಶನ ಬರಬಹುದು. ಮೂರನೆಯದಾಗಿ, ಆ ಆಜ್ಞೆಯನ್ನು ಮುರಿದರೆ ಅದು ಒಂದು ವರ್ಷದವರೆಗಿನ ಸೆರೆ ಅಥವಾ ಇಪ್ಪತ್ತು ಸಾವಿರ ರೂಪಾಯಿಗಳವರೆಗಿನ ಜುಲ್ಮಾನೆಗೆ, ಇಲ್ಲವೆ ಎರಡಕ್ಕೂ, ಗುರಿಯಾದ ಅಪರಾಧ. ಅದು ಸಂಜ್ಞೇಯ, ಜಾಮೀನು ರಹಿತ. ಹೀಗೆ ಹಿಂಸೆಯ ಮೊದಲ ಕೃತ್ಯಕ್ಕಲ್ಲ, ನ್ಯಾಯಾಲಯದ ಮಾತನ್ನು ಧಿಕ್ಕರಿಸಿದ ಕೃತ್ಯಕ್ಕೆ ಪೋಲೀಸರ ಪೂರ್ಣಾಧಿಕಾರ ಎಂಬ ಹೊಸ ಕ್ರಮ ಏರ್ಪಟ್ಟಿತು.

ಕ್ರಮವೇನೋ ವಿವೇಕಯುತವಾದುದೇ. ಆದರೆ ಅದರ ಕೀಲಕವಾದ ರಕ್ಷಣಾಧಿಕಾರಿಯ ವಿಷಯದಲ್ಲಿ ತೊಡಕುಂಟು. ಕರ್ನಾಟಕದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಒಪ್ಪಿಸಲಾಯಿತು. ತಾಲ್ಲೂಕಿನ ಅಂಗನವಾಡಿಗಳ ಮೇಲ್ವಿಚಾರಣೆ, ಪೌಷ್ಟಿಕ ಆಹಾರದ ಹಂಚಿಕೆ ಮೊದಲಾದ ಕೆಲಸಗಳ ನಡುವೆ, ಹಿಂಸೆಯ ವರದಿಯನ್ನು ಸಿದ್ಧಪಡಿಸಿ ನ್ಯಾಯಾಲಯಕ್ಕೆ ಸಲ್ಲಿಸುವ ಕೆಲಸವೂ ಅವರ ಪಾಲಿಗೆ ಬಂದಿತು. ಪೂರ್ಣಾವಧಿಯ ಅಧಿಕಾರಿಯ ಕೆಲಸವನ್ನು ಹೆಚ್ಚುವರಿ ಹೊಣೆಯನ್ನಾಗಿ ಮಾಡಿದಾಗ ಶಾಸನದ ಮೂರು ದಿನ, ಅರುವತ್ತು ದಿನಗಳ ಗಡುವು ಆಶಯವಾಗಿಯೇ ಉಳಿಯುವ ಸಂಭವ ಹೆಚ್ಚು.

೫. ದಸ್ತಗಿರಿಯ ಪ್ರಶ್ನೆ

ಪೋಲೀಸರು ಏನನ್ನೂ ಮಾಡುತ್ತಿಲ್ಲವೆಂಬ ದೂರು ಒಂದು ಕಡೆ; ಅತಿಯಾಗಿ ಮಾಡುತ್ತಿದ್ದಾರೆಂಬ ದೂರು ಇನ್ನೊಂದು ಕಡೆ. ಎರಡನೆಯ ದೂರನ್ನು ಸರ್ವೋಚ್ಚ ನ್ಯಾಯಾಲಯ ೨೦೧೪ರ ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ಎತ್ತಿಕೊಂಡಿತು. ಆ ತೀರ್ಪು ಉಲ್ಲೇಖಿಸಿದ ಅಂಕಿಗಳ ಪ್ರಕಾರ, ೨೦೧೨ರಲ್ಲಿ ೪೯೮-ಎ ಕಲಮಿನ ಮೇರೆಗೆ ದೇಶದಲ್ಲಿ ೧,೯೭,೭೬೨ ಜನ ದಸ್ತಗಿರಿಯಾಗಿದ್ದರು. ಅವರಲ್ಲಿ ಸುಮಾರು ಕಾಲುಭಾಗ ಹೆಂಗಸರು. ದೋಷಾರೋಪಪಟ್ಟಿ ಸಲ್ಲಿಕೆಯ ಪ್ರಮಾಣ ನೂರಕ್ಕೆ ೯೩.೬, ಶಿಕ್ಷೆಯಾದದ್ದು ನೂರಕ್ಕೆ ೧೫. ಆದುದರಿಂದ ಏಳು ವರ್ಷಗಳವರೆಗಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ, ದಸ್ತಗಿರಿ ಏಕೆ ಅವಶ್ಯಕವೆಂಬ ಕಾರಣಗಳನ್ನು ಅಧಿಕಾರಿ ಬರೆಹದಲ್ಲಿ ದಾಖಲಿಸಬೇಕು, ಅವಶ್ಯಕವಲ್ಲದಿದ್ದರೆ ಹಾಜರಾಗಲು ನೋಟೀಸು ಕೊಡಬೇಕು ಎಂದು ನ್ಯಾಯಾಲಯ ವಿಧಿಸಿತು. ಅಧಿಕಾರ ಇದ್ದಮಾತ್ರಕ್ಕೆ ಅದನ್ನು ಪ್ರಯೋಗಿಸಬೇಕೆಂದಿಲ್ಲ ಎಂಬುದು ಈ ತೀರ್ಪಿನ ಸಾರ. ಪ್ರಜೆಯ ಸ್ವಾತಂತ್ರ್ಯದ ದೃಷ್ಟಿಯಿಂದ ಇದನ್ನು ಯಾರೂ ಆಕ್ಷೇಪಿಸಲಾರರು.

ಆದರೆ ಮೇಲಿನ ನೂರಕ್ಕೆ ಹದಿನೈದು ಎಂಬ ಅಂಕಿಯಿಂದ ಹಲವರು ಹೊರಡಿಸುವ ತೀರ್ಮಾನ ಪರೀಕ್ಷೆಗೆ ನಿಲ್ಲದು. ಶಿಕ್ಷೆಯಾಗದ ಮೊಕದ್ದಮೆಯೆಲ್ಲ ಸುಳ್ಳು ಮೊಕದ್ದಮೆಯಲ್ಲ. ಮನೆಯೊಳಗಿನ ಕೃತ್ಯಕ್ಕೆ ಹೊರಗಿನ ಸಾಕ್ಷಿ ಸಿಗುವುದು ಕಷ್ಟ; ವಿಚಾರಣೆ ವರ್ಷಗಟ್ಟಲೆ ನಡೆಯುವುದರಿಂದ ಫಿರ್ಯಾದಿ ಬೇಸತ್ತು ಹೋಗುತ್ತಾಳೆ; ಜೀವನಾಂಶದ ಇತ್ಯರ್ಥವಾದಾಗ ಮೊಕದ್ದಮೆಯನ್ನು ಕೈಬಿಡುವುದು ಒಪ್ಪಂದದ ಒಂದು ಅಂಗವಾಗುತ್ತದೆ. ಈ ಬಗೆಯ ಒಪ್ಪಂದಗಳ ಆಧಾರದ ಮೇಲೆ ಉಚ್ಚ ನ್ಯಾಯಾಲಯಗಳು ಮೊಕದ್ದಮೆಗಳನ್ನು ರದ್ದುಗೊಳಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವೇ ೨೦೦೩ರಲ್ಲಿ ಹೇಳಿತ್ತು. ಸುಳ್ಳು ದೂರುಗಳು ಇಲ್ಲವೆಂದು ನಾವು ಹೇಳುವುದಿಲ್ಲ. ಖುಲಾಸೆಯ ಅಂಕಿಯೊಂದರಿಂದಲೇ ಅವುಗಳನ್ನು ಎಣಿಸಲಾಗದೆಂದಷ್ಟೇ ನಮ್ಮ ಅಭಿಪ್ರಾಯ. ಅಂಕಿಯನ್ನು ಪ್ರಮಾಣವಾಗಿ ಬಳಸುವ ಮುನ್ನ ಅದು ಯಾವ ಕ್ರಿಯೆಯಿಂದ ಹುಟ್ಟಿತೆಂದು ಕೇಳುವುದು ಇತಿಹಾಸಕಾರನ ಮೊದಲ ಪಾಠ.

ದಸ್ತಗಿರಿಯ ಫಲವನ್ನು ಪ್ರಯೋಗದಿಂದ ಅಳೆಯುವ ಯತ್ನವೊಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ೧೯೮೧-೮೨ರಲ್ಲಿ ನಡೆಯಿತು. ಲಾರೆನ್ಸ್ ಶರ್ಮನ್ ಮತ್ತು ರಿಚರ್ಡ್ ಬರ್ಕ್ ಎಂಬ ವಿದ್ವಾಂಸರು, ಸಾಮಾನ್ಯ ಹಲ್ಲೆಯ ೩೧೪ ಪ್ರಕರಣಗಳಲ್ಲಿ ದಸ್ತಗಿರಿ, ಬುದ್ಧಿವಾದ, ಗಂಡಸನ್ನು ಕೆಲವು ತಾಸು ಮನೆಯಿಂದ ಹೊರಗೆ ಕಳುಹಿಸುವುದು ಎಂಬ ಮೂರು ಕ್ರಮಗಳನ್ನು ಚೀಟಿ ಎತ್ತಿದಂತೆ ಹಂಚಿದರು. ಪೋಲೀಸ್ ದಾಖಲೆಗಳ ಪ್ರಕಾರ ಆರು ತಿಂಗಳೊಳಗೆ ಹಿಂಸೆ ಮರುಕಳಿಸಿದ್ದು ದಸ್ತಗಿರಿಯಾದವರಲ್ಲಿ ನೂರಕ್ಕೆ ಹತ್ತು, ಬುದ್ಧಿವಾದ ಕೇಳಿದವರಲ್ಲಿ ಹತ್ತೊಂಬತ್ತು, ಹೊರಗೆ ಕಳುಹಿಸಿದವರಲ್ಲಿ ಇಪ್ಪತ್ತನಾಲ್ಕು. ಅಮೆರಿಕದ ಅನೇಕ ರಾಜ್ಯಗಳು ದಸ್ತಗಿರಿಯನ್ನು ಕಡ್ಡಾಯಗೊಳಿಸಲು ಇದು ಪ್ರೇರಣೆಯಾಯಿತು. ಆದರೆ ಅನಂತರ ಬೇರೆ ನಗರಗಳಲ್ಲಿ ಪ್ರಯೋಗವನ್ನು ಪುನರಾವರ್ತಿಸಿದಾಗ ಫಲ ಏಕರೂಪವಾಗಿರಲಿಲ್ಲ. ಮಿಲ್ವಾಕಿಯಂತಹ ಕಡೆ, ಉದ್ಯೋಗವುಳ್ಳವರಲ್ಲಿ ದಸ್ತಗಿರಿ ಹಿಂಸೆಯನ್ನು ತಗ್ಗಿಸಿದರೂ ನಿರುದ್ಯೋಗಿಗಳಲ್ಲಿ ಹೆಚ್ಚಿಸಿತು. ದಸ್ತಗಿರಿಯೊಂದೇ ಮದ್ದಲ್ಲ, ದಸ್ತಗಿರಿಯಿಲ್ಲದಿರುವುದೂ ಮದ್ದಲ್ಲ ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಭಾರತದಲ್ಲಿ ಈ ಜಗ್ಗಾಟ ಇನ್ನೂ ಮುಗಿದಿಲ್ಲ. ೪೯೮-ಎ ದೂರುಗಳನ್ನು ಮೊದಲು ಜಿಲ್ಲಾ ಕುಟುಂಬ ಕಲ್ಯಾಣ ಸಮಿತಿಗಳು ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯದ ಪೀಠವೊಂದು ೨೦೧೭ರಲ್ಲಿ ನಿರ್ದೇಶಿಸಿತು. ಹಾಗೆ ಸಮಿತಿಗಳಿಗೆ ಅಧಿಕಾರ ಕೊಡಲು ಬಾರದೆಂದು ದೊಡ್ಡ ಪೀಠವೊಂದು ೨೦೧೮ರಲ್ಲಿ ಆ ಭಾಗವನ್ನು ತೆಗೆದುಹಾಕಿತು. ಅಲಹಾಬಾದ್ ಉಚ್ಚ ನ್ಯಾಯಾಲಯ ೨೦೨೨ರಲ್ಲಿ ರೂಪಿಸಿದ ಅದೇ ಬಗೆಯ ಸಮಿತಿಗಳ ಸೂತ್ರಗಳನ್ನು ೨೦೨೫ರಲ್ಲಿ ಸರ್ವೋಚ್ಚ ನ್ಯಾಯಾಲಯ ಅನುಮೋದಿಸಿತು. ಇನ್ನೊಂದು ಕಡೆ, ತವರಿನಲ್ಲಿ ಆಶ್ರಯ ಪಡೆದ ಹೆಂಗಸು ಅಲ್ಲಿಯೇ ಫಿರ್ಯಾದು ಕೊಡಬಹುದೆಂದು ೨೦೧೯ರ ರೂಪಾಲಿ ದೇವಿ ತೀರ್ಪು ಹೇಳಿದ್ದರಿಂದ, ಗಂಡನ ಊರಿನ ಠಾಣೆಗೇ ಅಲೆಯಬೇಕಾದ ಕಷ್ಟ ತಪ್ಪಿತು.

೬. ಉಪಸಂಹಾರ

೨೦೨೪ರ ಜುಲೈ ೧ರಿಂದ ಹಳೆಯ ಸಂಹಿತೆಗಳ ಸ್ಥಾನದಲ್ಲಿ ಹೊಸವು ಬಂದಿವೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ೪೯೮-ಎ ಕಲಮು ೮೫ ಮತ್ತು ೮೬ ಎಂದು ಎರಡಾಗಿದೆ. ೩೨೩ನೆಯದು ೧೧೫ನೆಯ ಕಲಮಿನಲ್ಲಿ ಸೇರಿದೆ. ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಸಂಜ್ಞೇಯ ಅಪರಾಧದ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕೆಂಬ ನಿಯಮ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮಿನಲ್ಲಿ ಸ್ಥಾನ ಪಡೆದಿದೆ. ಅದೇ ಕಲಮು, ಮೂರರಿಂದ ಏಳು ವರ್ಷಕ್ಕಿಂತ ಕಡಮೆ ಶಿಕ್ಷೆಯುಳ್ಳ ಅಪರಾಧಗಳಲ್ಲಿ ಮೇಲಧಿಕಾರಿಯ ಅನುಮತಿ ಪಡೆದು ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವನ್ನೂ ಕೊಟ್ಟಿದೆ. ಸಾಮಾನ್ಯ ಗಾಯ ಮಾತ್ರ ಇಂದಿಗೂ ಅಸಂಜ್ಞೇಯವಾಗಿಯೇ ಇದೆ. ಆದುದರಿಂದ ಠಾಣೆಗೆ ಬಂದ ಹೆಂಗಸಿನ ಮಾತನ್ನು ಅಧಿಕಾರಿ 'ಪೆಟ್ಟು' ಎಂದು ಕೇಳುವನೋ 'ಕ್ರೌರ್ಯ' ಎಂದು ಕೇಳುವನೋ ಎಂಬುದರ ಮೇಲೆ ಅವಳ ಮುಂದಿನ ಹಾದಿ ನಿಂತಿದೆ. ಮೊದಲನೆಯದಾದರೆ ಎನ್.ಸಿ.ಆರ್. ಪುಸ್ತಕದ ಒಂದು ಸಾಲು, ಎರಡನೆಯದಾದರೆ ತನಿಖೆ.

ಇಷ್ಟಕ್ಕೂ ಠಾಣೆಯವರೆಗೆ ಬರುವವರೆಷ್ಟು ಮಂದಿ? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ ೧೮ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೪೪.೪ರಷ್ಟು ಜನ ಗಂಡನ ಹಿಂಸೆಯನ್ನು ಅನುಭವಿಸಿದುದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ೨೦.೬ ಆಗಿತ್ತು. ಹಿಂಸೆ ಇಮ್ಮಡಿಯಾಯಿತೋ, ಹೇಳುವ ಧೈರ್ಯ ಹೆಚ್ಚಿತೋ ಎಂಬುದನ್ನು ಈ ಎರಡು ಅಂಕಿಗಳಿಂದಲೇ ನಿರ್ಧರಿಸಲಾಗದು. ಆದರೆ ಅದೇ ಸಮೀಕ್ಷೆ ದೇಶದ ಮಟ್ಟದಲ್ಲಿ ಕಂಡುಕೊಂಡ ಇನ್ನೊಂದು ಸಂಗತಿ ಸಂದೇಹಕ್ಕೆ ಎಡೆಕೊಡುವುದಿಲ್ಲ: ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಗುರಿಯಾದವರಲ್ಲಿ ನೆರವು ಕೇಳಿದವರು ನೂರಕ್ಕೆ ಹದಿನಾಲ್ಕು ಮಂದಿ ಮಾತ್ರ. ಅವರಲ್ಲಿಯೂ ಬಹುಮಂದಿ ಮೊರೆಹೊಕ್ಕದ್ದು ತವರಿನವರನ್ನು. ಪೋಲೀಸರ ಬಳಿ ಹೋದವರು ತೀರ ವಿರಳ.

ನಮ್ಮ ವಿವೇಚನೆಯಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಒಂದು, ಪೋಲೀಸರ ಮೌನ ಕೇವಲ ಮನೋಧರ್ಮದ ಫಲವಲ್ಲ. ಅದಕ್ಕೆ ಕಾರ್ಯವಿಧಾನದಲ್ಲಿ ಬೇರುಗಳಿದ್ದವು, ಕೆಲವು ಇಂದಿಗೂ ಇವೆ. ಎರಡು, ಪೋಲೀಸರ ಅಧಿಕಾರ ವಿಸ್ತರಿಸಿದಾಗಲೆಲ್ಲ ಅದರ ದುರುಪಯೋಗದ ಭಯವೂ ಜೊತೆಗೇ ಬಂದಿತು; ಆ ಭಯ ನಿರಾಧಾರವಲ್ಲದಿದ್ದರೂ, ಅದರ ಬೆಲೆಯನ್ನು ಪ್ರತಿಸಲವೂ ತೆತ್ತವಳು ಹೊಸ್ತಿಲ ಒಳಗಿದ್ದವಳು. ಮೂರು, ಶಿಕ್ಷೆಯ ಶಾಸನ ರಕ್ಷೆಯ ಶಾಸನವಿಲ್ಲದೆ ಅಪೂರ್ಣ, ರಕ್ಷೆಯ ಶಾಸನ ಅದನ್ನು ನಡೆಸುವ ಆಳುಗಳಿಲ್ಲದೆ ನಿಷ್ಫಲ.

ಈ ವಿಷಯದಲ್ಲಿ ಕನ್ನಡದ ಸಂಶೋಧಕರಿಗೆ ಮಾಡಬೇಕಾದ ಕೆಲಸ ಬಹಳವಿದೆ. ತೀರ್ಪುಗಳನ್ನು ಓದುವವರುಂಟು, ಠಾಣೆಯ ದಿನಚರಿ, ಎನ್.ಸಿ.ಆರ್. ಪುಸ್ತಕ, ಅಸ್ವಾಭಾವಿಕ ಮರಣದ ಕಡತ, ರಕ್ಷಣಾಧಿಕಾರಿಯ ವರದಿ ಇವುಗಳನ್ನು ಚರಿತ್ರೆಯ ಆಕರಗಳೆಂದು ಎಣಿಸಿ ಓದಿದವರು ಕಡಮೆ. ಅರಸರ ಶಾಸನಗಳಲ್ಲಿ ಬಿಟ್ಟುಹೋದ ಅಕ್ಷರಗಳನ್ನು ಊಹಿಸಿ ಓದಲು ನಾವು ಕಲಿತಿದ್ದೇವೆ. ಈ ಪುಸ್ತಕಗಳ ಒಂದೊಂದು ಸಾಲಿನಲ್ಲಿ ಬಿಟ್ಟುಹೋದುದನ್ನು ಓದಲು ಅಷ್ಟೇ ಶ್ರದ್ಧೆ ಬೇಕು. ಬದುಕಿರುವವರ ಹೆಸರು ಬಯಲಾಗದಂತೆ, ಅವರ ಮಾನಕ್ಕೆ ಕುಂದು ಬಾರದಂತೆ ಅದನ್ನು ನಡೆಸುವ ವಿಧಾನವನ್ನು ನಮ್ಮ ವಿಭಾಗಗಳು ಮೊದಲು ರೂಪಿಸಿಕೊಳ್ಳುವುದು ಉಚಿತ.